ಸೌರ ಉಷ್ಣ ಪರೀಕ್ಷಾ ಕೇಂದ್ರಕ್ಕೆ ಜಾಗ ಕೊಡುವ ಮುನ್ನ

ಸಂಪಾದಕರಿಗೆ,

ಸೌರವಿದ್ಯುತ್ ಎಂದ ಕೂಡಲೇ ನಮ್ಮ ಓದುಗರಿಗೆ ನೆನಪಾಗುವುದು ಪಾವಗಡ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು. ಆ ಫಲಕಗಳಲ್ಲಿ ಕುದಿಯುವಂಥದ್ದು, ಸೋರುವಂಥದ್ದು ಹೆಚ್ಚೇನೂ ಇಲ್ಲ. ಸೌರ ಉಷ್ಣ ಘಟಕದ ಜಾಯಮಾನವೇ ಬೇರೆ. ಅಲ್ಲಿ ಕನ್ನಡಿಗಳು ಬಿಸಿಲನ್ನು ಒಂದೆಡೆ ಕೂಡಿಸಿ ಎಣ್ಣೆಯನ್ನೋ, ಕರಗಿಸಿದ ಉಪ್ಪನ್ನೋ, ನೀರನ್ನೋ ಕಾಯಿಸುತ್ತವೆ. ಕೊಳವೆ, ಪಂಪು, ವಾಲ್ವು, ಟ್ಯಾಂಕುಗಳಿರುವ ಅದನ್ನು ಒಂದು ಪುಟ್ಟ ರಾಸಾಯನಿಕ ಕಾರ್ಖಾನೆಯೆಂದೇ ತಿಳಿಯಬೇಕು.

ಇಂಥ ತಂತ್ರಜ್ಞಾನವನ್ನು ಪರೀಕ್ಷಿಸುವ ಕೇಂದ್ರಗಳು ನಮ್ಮ ಬಯಲುಸೀಮೆಗೂ ಬರಲಿ ಎಂದು ಬಯಸುವವರಲ್ಲಿ ನಾವೂ ಸೇರಿದ್ದೇವೆ. ಆದರೆ "ಅದು ಚಿಕ್ಕದು, ಸಂಶೋಧನೆಗಷ್ಟೇ ಇರುವುದು, ವಿದ್ಯುತ್ ಮಾರುವುದಿಲ್ಲ, ಆದ್ದರಿಂದ ಪರಿಸರದ ತಕರಾರು ಬೇಡ" ಎಂಬ ಮಾತನ್ನು ಒಪ್ಪಲಾಗದು. ವಾಣಿಜ್ಯ ಘಟಕ ಗೊತ್ತಾದ ಉಷ್ಣಾಂಶ, ಒತ್ತಡಗಳ ಮಿತಿಯಲ್ಲೇ ವರ್ಷಗಟ್ಟಲೆ ಓಡುತ್ತದೆ. ಪರೀಕ್ಷಾ ಕೇಂದ್ರ ಪದೇ ಪದೇ ನಿಲ್ಲುತ್ತದೆ, ಬಿಚ್ಚುತ್ತದೆ, ಹೊಸ ಭಾಗ ಜೋಡಿಸಿಕೊಂಡು ಮತ್ತೆ ಓಡುತ್ತದೆ. ಕೊಳವೆಗಳು ಸೋರುವುದು ಹೆಚ್ಚಾಗಿ ಬಿಚ್ಚಿ ಕೂಡಿಸಿದ ಜಾಗದಲ್ಲಿ. ಅವಘಡಗಳು ಆಗುವುದು ಹೆಚ್ಚಾಗಿ ಶುರುಮಾಡುವಾಗ, ನಿಲ್ಲಿಸುವಾಗ, ದುರಸ್ತಿ ಮಾಡುವಾಗ. ಆದ್ದರಿಂದ ಗಾತ್ರ ಚಿಕ್ಕದಾದರೂ ಒಂದು ಲೀಟರ್ ಎಣ್ಣೆಗೆ, ಒಂದು ಟನ್ ಉಪ್ಪಿಗೆ ಲೆಕ್ಕ ಹಾಕಿದರೆ ಇಲ್ಲಿ ಅಪಾಯ ಹೆಚ್ಚು.

1986ರ ಆಗಸ್ಟ್ ತಿಂಗಳೊಂದನ್ನೇ ನೋಡಿ. ಸ್ಪೇನಿನ ಅಲ್ಮೇರಿಯಾ ಬಳಿ, ತಬೆರ್ನಾಸ್ ಮರುಭೂಮಿಯ ಸೌರ ಪರೀಕ್ಷಾ ಕೇಂದ್ರದಲ್ಲಿ ದ್ರವ ಸೋಡಿಯಂ ಹರಿಯುವ ಕೊಳವೆಯ ವಾಲ್ವ್ ದುರಸ್ತಿ ನಡೆಯುತ್ತಿದ್ದಾಗ ಹತ್ತು ಟನ್ನಿಗೂ ಹೆಚ್ಚು ಸೋಡಿಯಂ ಹೊರಚೆಲ್ಲಿ ಹೊತ್ತಿಕೊಂಡಿತು. ಅದೇ ತಿಂಗಳು ಅಮೆರಿಕದ ಕ್ಯಾಲಿಫೋರ್ನಿಯಾದ ಡ್ಯಾಗೆಟ್‌ನಲ್ಲಿ, 10 ಮೆಗಾವಾಟ್‌ನ ಪ್ರಾಯೋಗಿಕ ಘಟಕ ಸೋಲಾರ್ ಒನ್‌ನ ಶಾಖ ಸಂಗ್ರಹ ಟ್ಯಾಂಕು ಬೆಂಕಿಗೆ ಆಹುತಿಯಾಯಿತು. ಆ ಟ್ಯಾಂಕಿನಲ್ಲಿದ್ದುದು ಖನಿಜ ತೈಲ, ಕಲ್ಲು ಮತ್ತು ಮರಳು. ಬಿಸಿ ಎಣ್ಣೆಯೊಳಗೆ ನೀರು ಸೇರಿ ಒಮ್ಮೆಲೇ ಹಬೆಯಾದದ್ದೇ ಕಾರಣ. ಎರಡರಲ್ಲೂ ಕೆಟ್ಟದ್ದು ಬಿಸಿಲಿನ ತಂತ್ರವಲ್ಲ. ಅನಾಹುತ ತಂದದ್ದು ಶಾಖ ಹೊರುವ ದ್ರವ.

ಇವತ್ತು ತೊಟ್ಟಿಯಾಕಾರದ ಕನ್ನಡಿ ಸಾಲುಗಳಲ್ಲಿ ಹೆಚ್ಚಾಗಿ ಹರಿಯುವುದು ಬೈಫಿನೈಲ್ ಮತ್ತು ಡೈಫಿನೈಲ್ ಆಕ್ಸೈಡ್ ಬೆರೆತ ಕೃತಕ ತೈಲ. ಗುರುಗ್ರಾಮದ ಗ್ವಾಲ್ ಪಹಾಡಿಯಲ್ಲಿ ಮುಂಬಯಿ ಐಐಟಿ ಕಟ್ಟಿದ 1 ಮೆಗಾವಾಟ್‌ನ ಸೌರ ಉಷ್ಣ ಘಟಕದ ತೊಟ್ಟಿ ಸಾಲುಗಳಲ್ಲೂ ಇದೇ ಜಾತಿಯ ಎಣ್ಣೆ. 12 ಡಿಗ್ರಿ ಸೆಲ್ಸಿಯಸ್‌ಗೆ ಇದು ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. 257 ಡಿಗ್ರಿಗೆ ಕುದಿಯುತ್ತದೆ. ಓಡಿಸುವುದು 390 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಕುದಿಯದಂತೆ ಒತ್ತಡದಲ್ಲಿ ಹಿಡಿದಿಡಬೇಕು, ಗಾಳಿ ತಾಗದಂತೆ ಮೇಲೆ ನೈಟ್ರೋಜನ್ ಹೊದಿಸಬೇಕು. ಇದರ ಆವಿ 110–120 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಜಲಚರಗಳಿಗೆ ಇದು ವಿಷ.

ಸೋರುವ ಜಾಗಗಳು ಕೆಲಸ ಬಲ್ಲವರಿಗೆಲ್ಲ ಗೊತ್ತು. ಸೂರ್ಯನ ಜತೆ ತಿರುಗುವ ಕನ್ನಡಿ ಸಾಲಿನ ತುದಿಯ ತಿರುಗು ಜೋಡಣೆಗಳು, ಕೊಳವೆಗಳನ್ನು ಬೋಲ್ಟ್ ಹಾಕಿ ಕೂಡಿಸುವ ಫ್ಲೇಂಜುಗಳ ಗ್ಯಾಸ್ಕೆಟ್‌ಗಳು, ಪಂಪಿನ ಸೀಲುಗಳು, ಮಾದರಿ ತೆಗೆಯುವ ನಲ್ಲಿಗಳು. ಹನಿಹನಿಯಾಗಿ ಸೋರಿದ್ದು ಕೊಳವೆಯ ಶಾಖ ಕಾಯುವ ಕಲ್ಲುಣ್ಣೆಯ (ರಾಕ್‌ವೂಲ್) ಹೊದಿಕೆಗೆ ಇಂಗಿದರೆ ಹೊರಗೆ ಕಾಣುವುದಿಲ್ಲ. ಒಳಗೆ ಎಣ್ಣೆ ಕುಡಿದ ಹೊದಿಕೆ ನಿಧಾನಕ್ಕೆ ತಾನಾಗಿ ಬಿಸಿಯೇರಿ, ಯಾವುದೇ ಕಿಡಿ ಇಲ್ಲದೆ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಫ್ಲೇಂಜು, ವಾಲ್ವುಗಳ ಸುತ್ತ ಎಣ್ಣೆ ಹೀರುವ ಹೊದಿಕೆ ಸುತ್ತಲೇಬಾರದು; ಬರಿದೇ ಬಿಡಬೇಕು, ಇಲ್ಲವೇ ಎಣ್ಣೆ ಹೀರದ ನೊರೆಗಾಜು ಹಾಕಬೇಕು, ಕೆಳಗೆ ತಗಡಿನ ತಟ್ಟೆ ಇಡಬೇಕು. ಇಷ್ಟು ಸಣ್ಣ ವಿಷಯ ನಕ್ಷೆಯಲ್ಲೇ ಬರೆದಿರದಿದ್ದರೆ ಗುತ್ತಿಗೆದಾರ ಇಡೀ ಕೊಳವೆಗೆ ಒಂದೇ ಬಗೆಯ ಹೊದಿಕೆ ಸುತ್ತಿ ಬಿಲ್ ಮಾಡಿ ಹೋಗುತ್ತಾನೆ.

ಬಿಸಿಯಲ್ಲಿ ಈ ಎಣ್ಣೆ ಸ್ವಲ್ಪ ಸ್ವಲ್ಪವೇ ಒಡೆದು ಬೆಂಜೀನ್, ಫಿನಾಲ್, ಹೈಡ್ರೋಜನ್ ಹುಟ್ಟುತ್ತವೆ. ಉಷ್ಣಾಂಶ 400 ದಾಟಿಸಿ ನೋಡುವ ಪರೀಕ್ಷೆಗಳಲ್ಲಂತೂ ಒಡೆಯುವ ವೇಗ ಬಹಳ ಏರುತ್ತದೆ. ಒತ್ತಡ ಇಳಿಸಲು ಟ್ಯಾಂಕಿನ ಮೇಲ್ಭಾಗದ ಅನಿಲವನ್ನು ಹೊರಬಿಡುವಾಗ ಬೆಂಜೀನ್ ಕೂಡ ಹೊರಬರುತ್ತದೆ. ಅದನ್ನು ಮೊದಲು ತಂಪು ಮಾಡಿ ದ್ರವವಾಗಿಸಿ, ಉಳಿದದ್ದನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿಯೇ ಬಿಡಬೇಕು. ಇದ್ದಿಲು ತುಂಬಿದ ಮೇಲೆ ಅದೂ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಟ್ಟುಕೊಳ್ಳುವಂತಿಲ್ಲ. ನೆಲಕ್ಕೆ ಬಿದ್ದ ಎಣ್ಣೆಯ ಮಣ್ಣನ್ನು ಅಂದೇ ಅಗೆದು ಎಚ್‌ಡಿಪಿಇ ಪ್ಲಾಸ್ಟಿಕ್ ಹಾಸಿದ ಮಡಿಗೆ ಹಾಕಿ, ತೇವ ಮತ್ತು ಸಾರಜನಕ ಕೊಟ್ಟು, ಆಗಾಗ ಮಗುಚಿದರೆ ಬ್ಯಾಕ್ಟೀರಿಯಾಗಳೇ ಅದನ್ನು ತಿಂಗಳುಗಳಲ್ಲಿ ತಿಂದು ಮುಗಿಸುತ್ತವೆ. ಮಳೆ ಬರುವ ತನಕ ಬಿಟ್ಟರೆ ಮಾತ್ರ ಕೆಲಸ ಕೈಮೀರುತ್ತದೆ.

ಇನ್ನು ಉಪ್ಪು. 60 ಭಾಗ ಸೋಡಿಯಂ ನೈಟ್ರೇಟ್, 40 ಭಾಗ ಪೊಟ್ಯಾಸಿಯಂ ನೈಟ್ರೇಟ್. 290ರಿಂದ 565 ಡಿಗ್ರಿವರೆಗೆ ಓಡಿಸುತ್ತಾರೆ. ಇದು "ಗೊಬ್ಬರವೇ ಅಲ್ಲವೇ" ಎಂದು ಹಗುರವಾಗಿ ಹೇಳುವುದನ್ನು ಕೇಳಿದ್ದೇವೆ. ಲೆಕ್ಕ ನೋಡಿ. ಒಂದು ಟನ್ ಉಪ್ಪಿನಲ್ಲಿ ಸುಮಾರು 680 ಕಿಲೋ ನೈಟ್ರೇಟ್ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಂದರೆ ಒಂದು ಟನ್ ಉಪ್ಪು ಅಂತರ್ಜಲಕ್ಕೆ ಇಳಿದರೆ ಒಂದೂವರೆ ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ನೈಟ್ರೇಟ್ ಮಣ್ಣಿಗೆ ಅಂಟಿ ಕೂರುವುದಿಲ್ಲ, ನೀರಿನ ಜತೆ ಇಳಿದುಹೋಗುತ್ತದೆ. ಸಮಾಧಾನವೆಂದರೆ ಚೆಲ್ಲಿದ ಉಪ್ಪು 220–240 ಡಿಗ್ರಿಗೇ ಗಟ್ಟಿಯಾಗುತ್ತದೆ. ಒಣ ನೆಲದಲ್ಲಾದರೆ ಗುದ್ದಲಿಯಿಂದ ಎಬ್ಬಿಸಿ ಬಾಚಿಕೊಳ್ಳಬಹುದು. ಆದ್ದರಿಂದ ಉಪ್ಪಿನ ಟ್ಯಾಂಕು, ಪಂಪುಗಳ ಅಡಿ ಕಾಂಕ್ರೀಟ್ ಹಾಸು, ಸುತ್ತ ಒಡ್ಡು, ಆ ಒಡ್ಡಿಗೆ ಮಳೆನೀರು ಬೀಳದಂತೆ ಚಾವಣಿ ಇರಲೇಬೇಕು. ಎಣ್ಣೆಯ ಅಂಗಳ, ಉಪ್ಪಿನ ಅಂಗಳ ಬೇರೆ ಬೇರೆ ಇರಬೇಕು. ನಮ್ಮ ಕಾರ್ಖಾನೆಗಳಲ್ಲಿ ಏನು ಚೆಲ್ಲಿದರೂ ಮರದ ಹೊಟ್ಟು ಸುರಿಯುವುದು ರೂಢಿ. ಬಿಸಿ ನೈಟ್ರೇಟ್ ಮೇಲೆ ಮರದ ಹೊಟ್ಟು ಸುರಿದರೆ ಬೆಂಕಿಯನ್ನೇ ಕರೆದಂತೆ.

ಕರಗಿಸುವ ಮೊದಲ ವಾರಗಳು ಇನ್ನೊಂದು ಕಂಟಕ. ಸೋಲಾರ್ ಒನ್ ಜಾಗದಲ್ಲೇ 1996ರಿಂದ 1999ರವರೆಗೆ ನಡೆದ ಸೋಲಾರ್ ಟೂ ಪ್ರಯೋಗದಲ್ಲಿ ಉಪ್ಪಿನೊಳಗೆ ಅಲ್ಪಪ್ರಮಾಣದ ಮೆಗ್ನೀಷಿಯಂ ನೈಟ್ರೇಟ್ ಬೆರೆತಿತ್ತು. ಉಷ್ಣಾಂಶ ಏರಿಸುವಾಗ ಅದು ಒಡೆದು ನೈಟ್ರೋಜನ್ ಆಕ್ಸೈಡುಗಳು ಹೊರಬಂದವು. ಇದನ್ನು ತಪ್ಪಿಸಲು ಖರೀದಿ ಪತ್ರದಲ್ಲೇ ಮೆಗ್ನೀಷಿಯಂ ಮಿತಿ ಬರೆಯಬೇಕು, ಬಂದ ಪ್ರತಿ ಲೋಡನ್ನೂ ಪರೀಕ್ಷಿಸಬೇಕು, ಕರಗಿಸುವಾಗ ಬರುವ ಅನಿಲವನ್ನು ತೊಳೆದು ಬಿಡುವ ವ್ಯವಸ್ಥೆ ಇರಬೇಕು. ಬಳಸಿದ ಉಪ್ಪಿನ ಬಗ್ಗೆಯೂ ಒಂದು ಮಾತು. ಬಿಸಿ ನೈಟ್ರೇಟ್ ಸ್ಟೇನ್‌ಲೆಸ್ ಸ್ಟೀಲನ್ನು ತಿನ್ನುವಾಗ ಅದರ ಕ್ರೋಮಿಯಂ ಕರಗಿ ಕ್ರೋಮೇಟ್ ರೂಪದಲ್ಲಿ ಉಪ್ಪಿಗೆ ಸೇರುತ್ತದೆ, ಉಪ್ಪು ಹಳದಿಗೆ ತಿರುಗುತ್ತದೆ. ಬಗೆಬಗೆಯ ಮಿಶ್ರಲೋಹಗಳನ್ನು ಮುಳುಗಿಸಿ ನೋಡುವ ಕೇಂದ್ರದಲ್ಲಿ ಇದು ಹೆಚ್ಚು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಹಳೆಯ ಉಪ್ಪನ್ನು ಕ್ರೋಮಿಯಂ ಪರೀಕ್ಷೆ ಮಾಡದೆ ರೈತರಿಗೆ ಗೊಬ್ಬರವಾಗಿ ಹಂಚುವ ಔದಾರ್ಯ ಯಾರೂ ತೋರುವುದು ಬೇಡ.

ಹಕ್ಕಿಗಳ ವಿಷಯದಲ್ಲಿ ಉತ್ಪ್ರೇಕ್ಷೆಯೂ ಇದೆ, ಉಪೇಕ್ಷೆಯೂ ಇದೆ. ಸೋಲಾರ್ ಒನ್‌ನಲ್ಲಿ 40 ವಾರ ನಡೆಸಿದ ಅಧ್ಯಯನದಲ್ಲಿ 26 ಜಾತಿಯ 70 ಹಕ್ಕಿಗಳು ಸತ್ತದ್ದು ದಾಖಲಾಯಿತು. ಅವುಗಳಲ್ಲಿ 57 ಸತ್ತದ್ದು ಕನ್ನಡಿ, ಕಟ್ಟಡಗಳಿಗೆ ಡಿಕ್ಕಿ ಹೊಡೆದು. ಸುಟ್ಟು ಸತ್ತದ್ದು 13. ಪಕ್ಕದಲ್ಲಿದ್ದ ನೀರಿನ ಕೊಳಗಳು ಹಕ್ಕಿಗಳನ್ನು ಅತ್ತ ಸೆಳೆದಿದ್ದವು. ಇನ್ನೊಂದು ಘಟನೆ 2015ರ ಜನವರಿಯದು, ನೆವಾಡಾದ ಕ್ರೆಸೆಂಟ್ ಡ್ಯೂನ್ಸ್ ಘಟಕ ಇನ್ನೂ ಪರೀಕ್ಷಾ ಹಂತದಲ್ಲಿದ್ದಾಗಿನದು. ಕನ್ನಡಿಗಳನ್ನು, ಅವು ಬಿಸಿಲು ಕೂಡಿಸಬೇಕಾದ ಗೋಪುರದ ತುದಿಗೆ ಬದಲಾಗಿ, ಅದರ ಮೇಲಿನ ಆಗಸದ ಒಂದೇ ಬಿಂದುವಿಗೆ ಗುರಿಯಿಟ್ಟು ಸಿದ್ಧವಾಗಿ ನಿಲ್ಲಿಸಿದ್ದರು. ಆ ಉಜ್ವಲ ಗೋಳದೊಳಗೆ ಹಾರಿಹೋದ ನೂರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಪರಿಹಾರಕ್ಕೆ ಒಂದು ಪೈಸೆಯ ಯಂತ್ರವೂ ಬೇಕಾಗಲಿಲ್ಲ. ಹಾಗೆ ನಿಲ್ಲಿಸಿದ ಕನ್ನಡಿಗಳ ಕಿರಣಗಳನ್ನು ಹರಡಿ, ಎಲ್ಲಿಯೂ ಸಾಮಾನ್ಯ ಬಿಸಿಲಿನ ನಾಲ್ಕು ಪಟ್ಟಿಗಿಂತ ಹೆಚ್ಚು ತೀವ್ರತೆ ಕೂಡದಂತೆ ತಂತ್ರಾಂಶ ಬದಲಿಸಿದರು. ಇಲ್ಲಿ ಕಟ್ಟುವ ಯಾವುದೇ ಗೋಪುರಕ್ಕೆ ಈ ಷರತ್ತನ್ನು ಮೊದಲ ದಿನದಿಂದಲೇ ಹಾಕಬಹುದು. ಸತ್ತ ಹಕ್ಕಿ ಹುಡುಕುವ ಕ್ರಮವೂ ಸರಿಯಿರಬೇಕು: ನಾಯಿ, ನರಿ, ಕಾಗೆಗಳು ಎಷ್ಟನ್ನು ಹೊತ್ತೊಯ್ಯುತ್ತವೆ ಎಂದು ತಿಳಿಯಲು ಗುರುತು ಮಾಡಿದ ಹಕ್ಕಿ ಹೆಣಗಳನ್ನಿಟ್ಟು ನೋಡದೆ ಕೊಡುವ ಎಣಿಕೆಗೆ ಅರ್ಥವಿಲ್ಲ.

ಅಡ್ಡದಾರಿ ಹಿಡಿದ ಬಿಸಿಲು ಸುಡುವುದು ಹಕ್ಕಿಯನ್ನಷ್ಟೇ ಅಲ್ಲ. 2016ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಇವಾನ್‌ಪಾ ಘಟಕದಲ್ಲಿ ಗುರಿ ತಪ್ಪಿದ ಕನ್ನಡಿಗಳು ಗೋಪುರದ ಬೇರೊಂದು ಮಹಡಿಯನ್ನೇ ಸುಟ್ಟವು. ಕರೆಂಟು ಹೋಗಿ ಕನ್ನಡಿ ನಿಂತಲ್ಲೇ ನಿಂತರೂ ಸೂರ್ಯ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿದರೆ, ನೂರು ಮೀಟರ್ ದೂರದ ಗುರಿಯಲ್ಲಿ ಕಿರಣ ಸುಮಾರು ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ನಮ್ಮ ಹಳ್ಳಿ ಫೀಡರುಗಳ ವಿದ್ಯುತ್ ನಂಬಿ ಇದನ್ನು ನಡೆಸಲಾಗದು. ಎಲ್ಲ ಕನ್ನಡಿಗಳನ್ನೂ ಗುರಿಯಿಂದ ತಪ್ಪಿಸಿ ಮಲಗಿಸುವಷ್ಟು ಬ್ಯಾಟರಿ ಬಲ ಪ್ರತ್ಯೇಕವಾಗಿ ಇರಬೇಕು. ಸುತ್ತಲೂ ಬೇಸಿಗೆಯಲ್ಲಿ ಒಣಹುಲ್ಲು ಇರುವ ಕಡೆ ಬೆಂಕಿರೇಖೆ ಬೇಕು.

ಒಣಹುಲ್ಲಿನ ಮಾತು ಬಂದದ್ದರಿಂದ ಚಳ್ಳಕೆರೆಯ ಹೆಸರು ಹೇಳಲೇಬೇಕು. ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಿಕೆಯಾಯಿತು. ಕುರಿಗಾಹಿಗಳ, ಕಂಬಳಿ ನೇಯುವವರ ಬದುಕು ಆ ಹುಲ್ಲಿಗೆ ಕಟ್ಟಿಕೊಂಡಿದ್ದರಿಂದ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಾವಲನ್ನು ಬಂಜರೆಂದು ಬರೆಯುವ ಚಾಳಿ ನಿಲ್ಲಬೇಕು. ಕೃಷ್ಣಮೃಗ, ತೋಳ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳು ಬದುಕುವುದು ಮರವಿಲ್ಲದ ಆ ಬಯಲಲ್ಲೇ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿರುವ ನೆಲದಲ್ಲಿ ಜೆಸಿಬಿ ಒಮ್ಮೆ ಕಿತ್ತ ಹುಲ್ಲಿನ ಬುಡ ಮತ್ತೆ ಹಿಡಿಯಲು ವರ್ಷಗಳು ಬೇಕು.

ಕನ್ನಡಿ ನಿಲ್ಲಿಸಲು ಇಡೀ ನೆಲವನ್ನು ಮಟ್ಟ ಮಾಡುವ ಅಗತ್ಯವೇ ಇಲ್ಲ. ಗೋಪುರದ ಕನ್ನಡಿಗಳು ಒಂದೊಂದೂ ತನ್ನ ಕಂಬದ ಮೇಲೆ ನಿಲ್ಲುತ್ತವೆ; ಏರುತಗ್ಗಿನ ನೆಲದಲ್ಲೂ ನಿಲ್ಲಿಸಬಹುದು. ಅಮೆರಿಕದ ಆಲ್ಬುಕರ್ಕಿಯಲ್ಲಿ 1978ರಿಂದಿರುವ ಸ್ಯಾಂಡಿಯಾ ಪ್ರಯೋಗಾಲಯದ ಪರೀಕ್ಷಾ ಕೇಂದ್ರವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, 61 ಮೀಟರ್ ಗೋಪುರ, ಸುಮಾರು 37 ಚದರ ಮೀಟರಿನ ಇನ್ನೂರಕ್ಕೂ ಹೆಚ್ಚು ಕನ್ನಡಿಗಳು. ಅಷ್ಟಕ್ಕೆ ನೂರಾರು ಎಕರೆಗೆ ಬೇಲಿ ಹಾಕಬೇಕಿಲ್ಲ. ತೊಟ್ಟಿ ಸಾಲುಗಳಿಗೆ ಮಟ್ಟದ ನೆಲ ಬೇಕೇ ಬೇಕು. ಅಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದು, ಒಂದೆರಡು ಮೀಟರಿಗಿಂತ ಎತ್ತರವಿಲ್ಲದ ರಾಶಿ ಹಾಕಿ, ಹುಲ್ಲು ಬಿತ್ತಿ ಉಳಿಸಿಕೊಳ್ಳಬೇಕು. ಎತ್ತರದ ರಾಶಿಯ ಒಳಗೆ ಉಸಿರಾಡಲಾಗದೆ ಮಣ್ಣಿನ ಜೀವ ಸಾಯುತ್ತದೆ. ಬರಿದಾದ ನೆಲದ ದೂಳು ಕೊನೆಗೆ ಕೂರುವುದು ಅದೇ ಕನ್ನಡಿಗಳ ಮೇಲೆ, ತೊಳೆಯಲು ಮತ್ತಷ್ಟು ನೀರು. ಹುಲ್ಲು ಉಳಿಸುವುದರಲ್ಲಿ ಕೇಂದ್ರದ ಸ್ವಾರ್ಥವೂ ಇದೆ.

ನೀರಿನ ಲೆಕ್ಕವನ್ನು ನಾವು ಒತ್ತಿ ಹೇಳುತ್ತೇವೆ. ಪರೀಕ್ಷಾ ಕೇಂದ್ರದಲ್ಲಿ ಟರ್ಬೈನ್ ಇಲ್ಲದಿದ್ದರೆ ಕೂಡಿಸಿದ ಶಾಖವನ್ನೆಲ್ಲ ಹೊರಗೆ ಚೆಲ್ಲಲೇಬೇಕು. 5 ಮೆಗಾವಾಟ್ ಶಾಖವನ್ನು ದಿನಕ್ಕೆ ಆರು ಗಂಟೆ ನೀರು ಆವಿಯಾಗಿಸಿ ಕಳೆದರೆ ಸುಮಾರು 45,000 ಲೀಟರ್ ಬೇಕು. ಗಾಳಿಯಿಂದ ತಂಪು ಮಾಡುವ ಯಂತ್ರ ಹಾಕಿದರೆ ಇದು ಉಳಿಯುತ್ತದೆ; ಫ್ಯಾನಿನ ವಿದ್ಯುತ್ತು, ಸದ್ದು ಹೆಚ್ಚಾಗುತ್ತದೆ. ಬಯಲುಸೀಮೆಯಲ್ಲಿ ಬೇರೆ ಆಯ್ಕೆ ಇರಕೂಡದು. ಕನ್ನಡಿ ತೊಳೆಯುವ ನೀರು ಕಡಿಮೆಯೇ, ಚದರ ಮೀಟರಿಗೆ ಒಂದು ಸಲಕ್ಕೆ 0.7 ಲೀಟರ್ ಎಂದು ಹಿಡಿಯೋಣ. 10,000 ಚದರ ಮೀಟರಿಗೆ 7,000 ಲೀಟರ್. ಆದರೆ ಅದು ಕಲೆ ಉಳಿಸದ, ಲವಣ ತೆಗೆದ ನೀರಾಗಿರಬೇಕು. ಗಡಸು ನೀರನ್ನು ಆರ್‌ಒ ಮಾಡಿ ಅರ್ಧ ಪಡೆದರೆ ಎತ್ತಬೇಕಾದದ್ದು 14,000 ಲೀಟರ್. ವಾರಕ್ಕೊಮ್ಮೆ ತೊಳೆದರೆ ವರ್ಷಕ್ಕೆ ಏಳು ಲಕ್ಷ ಲೀಟರ್ ದಾಟುತ್ತದೆ, ಅದರಲ್ಲಿ ಅರ್ಧ ತ್ಯಾಜ್ಯ ನೀರು. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಎತ್ತಿದ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ತ್ಯಾಜ್ಯದಲ್ಲಿ ಹತ್ತಿರ ಹತ್ತಿರ 4 ಆಗುತ್ತದೆ; ಬೇರೆ ಮೂಲವಿಲ್ಲದಾಗ ಕುಡಿಯುವ ನೀರಿನಲ್ಲಿ ಸಹಿಸಬಹುದಾದ ಮಿತಿಯೇ 1.5. ಅದನ್ನು ಹಳ್ಳಕ್ಕೆ ಬಿಟ್ಟರೆ ಸೇರುವುದು ಕೆಳಗಿನ ಕೆರೆಗೆ. ಎರಡು ಪದರದ ಹಾಸು, ನಡುವೆ ಸೋರಿಕೆ ಪತ್ತೆ ಕೊಳವೆ, ಮೇಲೆ ಹಕ್ಕಿ ಬಲೆ ಇರುವ ಇಂಗದ ಹೊಂಡವೇ ಬೇಕು.

ಕನ್ನಡಿಗಳ ಕಣ್ಣು ಕುಕ್ಕುವ ಹೊಳಪಿನ ಬಗ್ಗೆ ಚುಟುಕಾಗಿ: 2013ರಲ್ಲಿ ಇವಾನ್‌ಪಾ ಬಳಿ ಹಾರಿದ ಪೈಲಟ್‌ಗಳು ಕಣ್ಣು ಕೋರೈಸಿತೆಂದು ದೂರಿದ್ದರು. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವೇ ಇರುವುದರಿಂದ ಈ ಲೆಕ್ಕವನ್ನು ಮೊದಲೇ ಮಾಡಬೇಕು.

ಕಾನೂನು ಏನು ಹೇಳುತ್ತದೆ? ಸೌರ ಫಲಕದ ಯೋಜನೆಗಳ ಜತೆ ಸೌರ ಉಷ್ಣ ಸ್ಥಾವರಗಳನ್ನೂ ಕೇಂದ್ರ ಪರಿಸರ ಸಚಿವಾಲಯ 2006ರ ಪರಿಸರ ಪರಿಣಾಮ ಅಧಿಸೂಚನೆಯಿಂದ ಹೊರಗಿಟ್ಟಿದೆ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ಬಿಳಿ ವರ್ಗದ (ಮಾಲಿನ್ಯ ತೀರಾ ಕಡಿಮೆಯಿರುವ ಉದ್ಯಮಗಳ) ಪಟ್ಟಿಯಲ್ಲಿ ಹೆಸರಿಸಿದ್ದು ಸೌರಕೋಶಗಳ ವಿದ್ಯುತ್ತನ್ನು. ಟನ್‌ಗಟ್ಟಲೆ ಎಣ್ಣೆ, ಉಪ್ಪು ಕಾಯಿಸುವ ಕೇಂದ್ರಕ್ಕೂ ಅದೇ ಬಿಳಿ ಚೀಟಿ ಅಂಟಿಸಿ ಸುಮ್ಮನಾಗುವುದು ನ್ಯಾಯವಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಸಮ್ಮತಿ ಪತ್ರದಲ್ಲೇ ಷರತ್ತು ಹಾಕಬಹುದು. ಮೆಗಾವಾಟ್ ಬದಲು ಎಷ್ಟು ಟನ್ ಯಾವ ದ್ರವ ಎಂಬುದರ ಮೇಲೆ ಅದನ್ನು ನಿಗದಿ ಮಾಡಲಿ. ದ್ರವ ಬದಲಾದಾಗಲೆಲ್ಲ ಹೊಸ ಸಮ್ಮತಿ ಬೇಕೆನ್ನಲಿ. ಪರೀಕ್ಷಾ ಕೇಂದ್ರದಲ್ಲಿ ಇವತ್ತು ಉಪ್ಪು, ನಾಳೆ ಸೋಡಿಯಂ. ನೆಲ ಅಗೆಯುವ ಮೊದಲು ಮಳೆಗಾಲವೂ ಸೇರಿ ಪೂರ್ತಿ ಒಂದು ವರ್ಷ ಸುತ್ತಲಿನ ಕೊಳವೆಬಾವಿಗಳ ನೈಟ್ರೇಟ್, ಫ್ಲೋರೈಡ್, ಕ್ರೋಮಿಯಂ ಅಳೆದಿರಲಿ. ಇಲ್ಲದಿದ್ದರೆ ಮುಂದೆ ನೀರು ಕೆಟ್ಟಾಗ ಅದು ಮೊದಲೇ ಹಾಗಿತ್ತು ಎಂಬ ಜಗಳ ಮುಗಿಯುವುದಿಲ್ಲ. ಸೋರಿಕೆಯ ದಾಖಲೆ ಪುಸ್ತಕ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸಿಗಲಿ.

ದ್ರವದ ಆಯ್ಕೆಯಲ್ಲೂ ದಾರಿಗಳಿವೆ. ರಾಜಸ್ಥಾನದ ಅಬು ರೋಡಿನ ಇಂಡಿಯಾ ಒನ್ ಘಟಕದಲ್ಲಿ ತಲಾ 60 ಚದರ ಮೀಟರಿನ 770 ಡಿಶ್‌ಗಳು ಎರಕದ ಕಬ್ಬಿಣದ ಗಟ್ಟಿಯನ್ನೇ ಕಾಯಿಸಿ, ಅದರಲ್ಲೇ ಶಾಖ ಕೂಡಿಟ್ಟು ಹಬೆ ತೆಗೆಯುತ್ತವೆ. ಅಲ್ಲಿ ಎಣ್ಣೆಯಿಲ್ಲ, ನೈಟ್ರೇಟ್ ಇಲ್ಲ. ಜಾಗದ ಆಯ್ಕೆಯಲ್ಲಿ ನಮ್ಮ ಒಲವು ಈಗಾಗಲೇ ಕೈಗಾರಿಕೆಗೆ ಹೋಗಿರುವ, ಬೇಲಿ ಬಿದ್ದಿರುವ ನೆಲದ ಕಡೆಗೆ. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಕೇಂದ್ರಗಳ ಆವರಣದಲ್ಲಿ ಅಗ್ನಿಶಾಮಕ ದಳ, ನೀರು ಶುದ್ಧೀಕರಣ, ಹಬೆ ಬಲ್ಲ ಕೆಲಸಗಾರರು ಇದ್ದಾರೆ. ಹಾರುಬೂದಿ ಕನ್ನಡಿಗೆ ಶತ್ರು ಎಂಬುದು ನಿಜ, ಗೋಪುರದ ಪ್ರಯೋಗಕ್ಕೆ ಆ ಜಾಗ ಹೊಂದದಿರಬಹುದು. ಉಪ್ಪು, ಎಣ್ಣೆ, ಪಂಪು, ವಾಲ್ವುಗಳ ಪರೀಕ್ಷೆಗೆ ಕನ್ನಡಿಯೇ ಬೇಕಿಲ್ಲ, ವಿದ್ಯುತ್ ಹೀಟರ್ ಸಾಕು. ಆ ಭಾಗವನ್ನಾದರೂ ಕಾವಲಿನಿಂದ ಹೊರಗಿಡಬಹುದು.

ಕೊನೆಯದಾಗಿ ಮುಚ್ಚುವ ಖರ್ಚು. ಸೋಲಾರ್ ಟೂ ನಿಂತ ಮೇಲೆ ಆ ಗೋಪುರ ಕೆಲಕಾಲ ಗಾಮಾ ಕಿರಣ ದೂರದರ್ಶಕವಾಗಿ ಬಳಕೆಯಾಗಿ 2009ರಲ್ಲಿ ನೆಲಸಮವಾಯಿತು. ಪರೀಕ್ಷಾ ಕೇಂದ್ರಗಳ ಅನುದಾನ ಯೋಜನೆಯ ಅವಧಿ ಮುಗಿದೊಡನೆ ನಿಲ್ಲುತ್ತದೆ. ಟ್ಯಾಂಕಿನೊಳಗೆ ಗಟ್ಟಿಯಾದ ಉಪ್ಪು, ಕೊಳವೆಯೊಳಗಿನ ಎಣ್ಣೆ, ಹಿಂಬದಿಯ ಬಣ್ಣದಲ್ಲಿ ಸೀಸ ಇರಬಹುದಾದ ಹಳೆಯ ಕನ್ನಡಿಗಳು ಅಲ್ಲೇ ಉಳಿಯುತ್ತವೆ. ಉಪ್ಪನ್ನು ಟ್ಯಾಂಕು ಬಿಸಿಯಿರುವಾಗಲೇ ಬಸಿದು ಅಚ್ಚು ಹಾಕದಿದ್ದರೆ ಆಮೇಲೆ ಒಡೆದು ತೆಗೆಯುವ ಖರ್ಚು ಹಲವು ಪಟ್ಟು. ಇದಕ್ಕೆ ಬೇಕಾದ ಹಣವನ್ನು ಕಟ್ಟುವ ಮೊದಲೇ ಠೇವಣಿಯಾಗಿ ಪಡೆಯಬೇಕು, ಆ ಮೊತ್ತವನ್ನು ಸಮ್ಮತಿ ಪತ್ರದಲ್ಲೇ ಅಂಕಿಯಲ್ಲಿ ನಮೂದಿಸಬೇಕು.

ಇಂತಿ,
ಸೌರ ಉಷ್ಣ ಕ್ಷೇತ್ರದಲ್ಲಿ ದುಡಿಯುವ ಕೆಲವು ಎಂಜಿನಿಯರುಗಳು
ಚಿತ್ರದುರ್ಗ